ಬೆಂಕಿ ಮುಂದೆ ನಿಂತವನಿಗೆ ಚಪ್ಪಾಳೆ

ರೊಸಾರಿಯೊ, ಮಾರ್ಚ್ 6, 2014

ವಾಲ್ಡೊ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದು ನಿನ್ನ ದನದ ಆಸ್ಪತ್ರೆಯ ಹುಡುಗಿ. "ಡಾಕ್ಟ್ರು ಅಕ್ಕನ ಜತೆ ಫೋನಲ್ಲಿ ಮಾತಾಡಲ್ವಂತೆ. ಕಾಗದ ಬರೀಬೇಕಂತೆ" ಅಂದಳು. ನಾನು ಹೊಟ್ಟೆ ತುಂಬ ನಕ್ಕೆ. ಅವಳು ನಗಲಿಲ್ಲ. ಆದ್ದರಿಂದ ಸಲೂನಿಗೆ ಬೀಗ ಹಾಕಿ, ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ಅಜ್ಜಿಯ ಕಾಲದವರ ಹಾಗೆ ಸ್ಟಾಂಪು ಕೊಂಡು ತಂದಿದ್ದೇನೆ. ಖುಷಿಯಾಯಿತೇ?

ನನಗೆ ಅರ್ಥವಾದದ್ದು ಸರಿಯೇ ಎಂದು ನೋಡು. ಐವತ್ತೆರಡು ವರ್ಷದ ಪಶುವೈದ್ಯ, ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ಎಳೆಯುವವನು, ಗುರುವಾರ ಗುರುವಾರ ಯಾವುದೋ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಸಿಟ್ಟನ್ನು ಹೇಗೆ ಸಂಭಾಳಿಸಬೇಕು ಎಂದು ಪಾಠ ಕೇಳುತ್ತಾನೆ. ಮನೆಗೆಲಸ ಬೇರೆ ಕೊಡುತ್ತಾರಂತೆ! ಮನೆಯವರಿಗೆ ಬರೆದ ಕಾಗದವನ್ನು ಒಂದು ರಾತ್ರಿ ಇಟ್ಟುಕೊಂಡು, ಬೆಳಗ್ಗೆ ಓದಿ, ಆಮೇಲೆ ಅಂಚೆಗೆ ಹಾಕಬೇಕಂತೆ. ನಾನಂತೂ ಇದನ್ನು ಅಂಟು ಆರುವ ಮೊದಲೇ ಹಾಕುತ್ತೇನೆ.

ಇಪ್ಪತ್ತೆರಡು ವರ್ಷದಿಂದ ವಾರಕ್ಕೆರಡು ಸಲ ಮನೋವಿಶ್ಲೇಷಕ ಡಾಕ್ಟರ್ ಫೆಲ್ಡ್‌ಸ್ಟೈನ್ ಅವರ ಮಂಚದ ಮೇಲೆ ಮಲಗಿ ಮನಸ್ಸು ಬಿಚ್ಚಿದ್ದೇನೆ, ವಾಲ್ಡೊ. ಅಪ್ಪನವರೆಗೆ ಇಳಿದಿದ್ದೇವೆ. ಅಪ್ಪನನ್ನೂ ದಾಟಿ ಅಪ್ಪನ ಅಮ್ಮನವರೆಗೆ ಇಳಿದಿದ್ದೇವೆ. ಮನಸ್ಸು ಅಂದರೆ ಅದು. ಆರು ತಿಂಗಳ ಟ್ಯೂಷನ್ ಅಲ್ಲ.

ಇಷ್ಟಕ್ಕೂ ಆದದ್ದೇನು? ಜನವರಿಯ ಒಂದು ಭಾನುವಾರ. ನಿನ್ನ ಹಿತ್ತಿಲು, ಮನೆ ತುಂಬ ನೆಂಟರು, ನೀನು ಬೆಳಗ್ಗಿನಿಂದ ಕೆಂಡದ ಮುಂದೆ. ಮಾಂಸ ಮೇಜಿಗೆ ಬಂತು. ಹಲ್ಲಿದ್ದ ಯಾರಾದರೂ ಹೇಳುವುದನ್ನೇ ನಾನೂ ಹೇಳಿದೆ: "ವಾಲ್ಡೊ, ಇದು ಮಾಂಸಾನಾ, ಚಪ್ಪಲಿ ಅಟ್ಟೇನಾ?" ಎಲ್ಲರೂ ನಕ್ಕರು. ಮನೆಯವರು ನಗದೆ ಇನ್ಯಾರು ನಗಬೇಕು? ನೀನು ಹಲಗೆಯ ಸಮೇತ ಅಷ್ಟೂ ಮಾಂಸವನ್ನು ಈಜುಕೊಳಕ್ಕೆ ಎಸೆದೆ. ಮಣ್ಣಿನ ಬೋಗುಣಿ ಅಂಚಿಗೆ ಬಡಿದು ಒಡೆದು, ಚೂರು ಅಬ್ರಿಲ್‌ಳ ಪಾದಕ್ಕೆ ತಾಗಿ ಹೊಲಿಗೆ ಬಿತ್ತು. ಅದು ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಅದಕ್ಕೇ ನಿನ್ನ ಹೆಂಡತಿ ಕ್ಲೌಡಿಯಾ ಮಗಳನ್ನು ಎಳೆದುಕೊಂಡು ತವರಿಗೆ ಹೋಗಿ ಕೂತಳೇ? ಅವಳ ಅಪ್ಪನ ಮನೆಯಲ್ಲಿ ಯಾರೂ ತಟ್ಟೆ ಎಸೆಯುವುದಿಲ್ಲ, ನಿಜ. ಎಸೆಯಲು ತಟ್ಟೆಯಲ್ಲಿ ಏನಾದರೂ ಬಡಿಸಿದರೆ ತಾನೇ.

ಆ ಕ್ಲಾಸು ಬಿಡು. ಇಲ್ಲಿಗೆ ಬಾ. ಡಾಕ್ಟರನ್ನು ಕೇಳಿ ಜಾಗ ಕೊಡಿಸುತ್ತೇನೆ.

ಮಿರ್ತಾ


ಬಹಿಯಾ ಬ್ಲಾಂಕಾ, ಮಾರ್ಚ್ 20, 2014

ಮಿರ್ತಾ,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆದಿದ್ದೆ. ಬೆಳಗ್ಗೆ ಓದಿ ಹರಿದು ಹಾಕಿದೆ. ಇದು ಮೂರನೆಯದು. ನೀನು ಬೈಯುವ ಆ ನಿಯಮಕ್ಕೆ ನೀನೇ ಋಣಿಯಾಗಿರಬೇಕು.

ನೀನು ನಗುವುದಕ್ಕೆಲ್ಲ ನಾನೇ ಮೊದಲು ನಕ್ಕು ಮುಗಿಸಿದ್ದೇನೆ. ಪಾಠ ಹೇಳುವವಳು ರೊಮಿನಾ. ಮೂವತ್ತೂ ಆಗಿರಲಿಕ್ಕಿಲ್ಲ. ಮೊದಲ ದಿನ ಒಬ್ಬೊಬ್ಬರ ಅಂಗೈಗೆ ಒಂದೊಂದು ಒಣದ್ರಾಕ್ಷಿ ಇಟ್ಟು, ಇಂಥದ್ದನ್ನು ಹುಟ್ಟಿದಾರಭ್ಯ ಕಂಡೇ ಇಲ್ಲ ಅನ್ನುವ ಹಾಗೆ ನೋಡಿ ಅಂದಳು. ಪಕ್ಕದ ಟ್ಯಾಕ್ಸಿಯವನು ಅಷ್ಟರಲ್ಲಿ ನುಂಗಿಬಿಟ್ಟಿದ್ದ. "ಇನ್ನೊಂದು ಕೊಡಮ್ಮಾ, ಅದನ್ನ ನೋಡ್ತೀನಿ" ಅಂದ. ಮುಂದಿನ ವಾರ ಐಸ್ ನೀರಿನ ಬೋಗುಣಿ. ಸಿಟ್ಟು ನೆತ್ತಿಗೇರಿದಾಗ ಅದರಲ್ಲಿ ಮುಖ ಅದ್ದಿ ಉಸಿರು ಬಿಗಿಹಿಡಿದರೆ ಎದೆಬಡಿತ ಇಳಿಯುತ್ತದಂತೆ. ಇಳಿಯುತ್ತದೆ, ಸುಳ್ಳಲ್ಲ. ಆದರೆ ಮೂಗಿನಿಂದ ನೀರು ಸುರಿಸುತ್ತ ತಲೆಯೆತ್ತಿದಾಗ ಬಾಗಿಲಲ್ಲಿ ನನ್ನದೇ ಗಿರಾಕಿಯೊಬ್ಬ ನಿಂತಿದ್ದ. ಹಂದಿ ಸಾಕುವವನು. "ಡಾಕ್ಟ್ರೇ, ಆರಾಮಾ?" ಅಂದ. ಏನು ಹೇಳಲಿ?

ನಗುವುದಾದರೆ ನಗು. ನಾನು ಹೋಗುತ್ತಿರುವುದು ಮನಸ್ಸಿನ ಆಳ ನೋಡಲು ಅಲ್ಲ. ನವೆಂಬರಿನಲ್ಲಿ ಅಬ್ರಿಲ್‌ಗೆ ಹದಿನೈದು ತುಂಬುತ್ತದೆ. ಆ ಪಾರ್ಟಿಯಲ್ಲಿ ಹುಡುಗಿಯ ಮೊದಲ ವಾಲ್ಟ್ಸ್ ಕುಣಿತ ಅಪ್ಪನ ಜತೆ ಎನ್ನುವುದು ನಮ್ಮಲ್ಲಿನ ಪದ್ಧತಿ. ಅವಳು ತಾಯಿಗೆ ಹೇಳಿದ್ದು ಇಷ್ಟು: "ಅಪ್ಪ ಆ ಕ್ಲಾಸ್ ಮುಗಿಸ್ಲಿ, ಆಮೇಲೆ ನೋಡೋಣ. ಸದ್ಯಕ್ಕೆ ವಾಲ್ಟ್ಸ್ ಅಜ್ಜನ ಜತೆ." ನೆಲದ ಮೇಲೆ ನಿಲ್ಲಲು ಬಂದಾಗಿನಿಂದ ಆ ಹುಡುಗಿ ನನ್ನ ಬೂಟಿನ ಮೇಲೆ ಪಾದ ಇಟ್ಟು ಅಡುಗೆಮನೆಯಲ್ಲಿ ವಾಲ್ಟ್ಸ್ ಕುಣಿದಿದ್ದಾಳೆ. ಊರವರ ಮುಂದೆ ಅವಳು ಕುಣಿಯುವ ದಿನ ನಾನು ಗೋಡೆಗೆ ಒರಗಿ ನಿಲ್ಲಬೇಕೆಂದರೆ ನನ್ನಿಂದಾಗದು. ನನಗೆ ಬೇಕಾದದ್ದು ಅದೊಂದೇ.

ಇನ್ನೊಂದು ಮಾತು. ಚಪ್ಪಲಿ ಅಟ್ಟೆ ಅಂದದ್ದಕ್ಕೆ ನಾನು ಎಸೆಯಲಿಲ್ಲ. ಅಪ್ಪ ಹೋದ ಮೇಲೆ ನಮ್ಮ ಮೇಜಿನಲ್ಲಿ, ಮಾಂಸ ಬಂದೊಡನೆ, ಯಾರೂ ಬಾಯಿಗೆ ಹಾಕುವ ಮೊದಲು ಕೈ ಎತ್ತಿ "ಬೆಂಕಿ ಮುಂದೆ ನಿಂತವನಿಗೆ ಚಪ್ಪಾಳೆ!" ಎಂದು ಕೂಗುವವಳು ನೀನು. ಆಮೇಲೆ ಎಲ್ಲರೂ ತಟ್ಟುತ್ತಾರೆ. ಅವತ್ತು ಎಲ್ಲರೂ ನಿನ್ನ ಮುಖ ನೋಡುತ್ತಿದ್ದರು. ನೀನು ಕೂಗಲಿಲ್ಲ, ಒಂದು ತುಂಡು ಬಾಯಿಗೆ ಹಾಕಿಕೊಂಡೆ. ನಾನು ಇಕ್ಕಳ ಹಿಡಿದುಕೊಂಡು ನಿಂತೇ ಇದ್ದೆ. ಎಸೆದದ್ದು ಸರಿ ಎಂದು ಹೇಳುತ್ತಿಲ್ಲ. ನಡೆದದ್ದನ್ನು ಹೇಳಿದೆ.

ವಾಲ್ಡೊ


ರೊಸಾರಿಯೊ, ಏಪ್ರಿಲ್ 2, 2014

ಚಪ್ಪಾಳೆ! ಅಯ್ಯೋ ನನ್ನ ದೇವರೇ. ಒಂದು ಚಪ್ಪಾಳೆಗೋಸ್ಕರ ಸಂಸಾರ ಮುಳುಗಿಸಿಕೊಂಡೆಯಾ? ಮೊದಲೇ ಹೇಳಿದ್ದರೆ ರೈಲು ನಿಲ್ದಾಣದಿಂದಲೇ ತಟ್ಟಿಕೊಂಡು ಬರುತ್ತಿದ್ದೆ.

ಡಾಕ್ಟರಿಗೆ ಎಲ್ಲ ಹೇಳಿದೆ. ಪೂರ್ತಿ ಹೊತ್ತು ಒಂದು ಮಾತೂ ಆಡಲಿಲ್ಲ. ಕೊನೆಗೆ ಬಾಗಿಲ ಹತ್ತಿರ, "ನಿಮಗೆ ಅವತ್ತು ಹಸಿವಾಗಿತ್ತಾ?" ಎಂದು ಕೇಳಿದರು. ನೋಡು, ಆಳ ಅಂದರೆ ಅದು. ನಾಲ್ಕು ದಿನದಿಂದ ಅದನ್ನೇ ಮೆಲುಕು ಹಾಕುತ್ತಿದ್ದೇನೆ. ನಿನ್ನ ಕ್ಯಾನ್ವಾಸ್ ಬೂಟಿನ ಪೋರಿ ಇಂಥ ಪ್ರಶ್ನೆ ಕೇಳಬಲ್ಲಳೇ? ಅವಳ ಹತ್ತಿರ ಇರುವುದು ಒಣದ್ರಾಕ್ಷಿ. (ಕ್ಯಾನ್ವಾಸ್ ಬೂಟು ಎಂದು ನೀನು ಬರೆಯಲಿಲ್ಲ. ಅಂಥವರೆಲ್ಲ ಅದನ್ನೇ ಹಾಕುತ್ತಾರೆ.)

ಅಬ್ರಿಲ್ ವಿಷಯ ಬೇರೆ. ಅಪ್ಪನಿಗೆ ಷರತ್ತು ಹಾಕುವ ಮಗಳನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ. ಅದು ಕ್ಲೌಡಿಯಾಳ ಕಡೆಯ ರಕ್ತ. ಆ ದಿನ ಅವಳ ತಲೆ ಕಟ್ಟುವವಳು ಮಾತ್ರ ನಾನೇ, ನೆನಪಿರಲಿ. ಮೂರು ವರ್ಷದವಳಿದ್ದಾಗ ನನ್ನ ಸಲೂನಿನ ಎತ್ತರದ ಕುರ್ಚಿಯಲ್ಲಿ ಕೂರಿಸಿ ಮಾತು ಕೊಟ್ಟಿದ್ದೇನೆ. ನವೆಂಬರಿನ ಆ ವಾರ ಒಬ್ಬ ಗಿರಾಕಿಯನ್ನೂ ಒಪ್ಪಿಕೊಂಡಿಲ್ಲ.

ಮಿರ್ತಾ


ಬಹಿಯಾ ಬ್ಲಾಂಕಾ, ಮೇ 15, 2014

ಮಿರ್ತಾ,

ತಡವಾಯಿತು. ಕುರಿಗಳಿಗೆ ಕಾಲುಬೇನೆ.

ಭಾನುವಾರ ಅಬ್ರಿಲ್ ಬಂದಿದ್ದಳು, ಒಬ್ಬಳೇ. ಎರ್ಬಾ ಎಲೆಯ ಕಷಾಯ ಮಾಡಿದೆ. ಹಿತ್ತಿಲಲ್ಲಿ ಕೂತು ಒಂದೇ ಸೋರೆಬುರುಡೆಯಿಂದ ಸರದಿಯಂತೆ ಹೀರಿದೆವು. ಎರಡು ಸುತ್ತು ಕುಡಿದು ಬುರುಡೆ ವಾಪಸು ಕೊಡುವಾಗ "ಥ್ಯಾಂಕ್ಸ್" ಅಂದಳು. ಹಾಗಂದರೆ ಸಾಕು ಎಂದೇ ಅರ್ಥ ತಾನೇ. ಮೊದಲಾಗಿದ್ದರೆ "ಏಯ್, ಅಪ್ಪನ ಮನೆ ಎರ್ಬಾ ಕಹಿಯಾಯ್ತಾ?" ಅನ್ನುತ್ತಿದ್ದೆ. ಸುಮ್ಮನೆ ಬುರುಡೆ ತೆಗೆದುಕೊಂಡೆ. ಎದ್ದುಹೋಗುವಾಗ ಪಾದ ತೋರಿಸಿದಳು. ಗಾಯ ಮಾಗಿದೆ, ಗೆರೆಯಿದೆ.

ರೊಮಿನಾ ಹೇಳುವುದೊಂದಿದೆ: ಎರಡು ಮಾತು ಒಂದಕ್ಕೊಂದು ಎದುರಾಗಿದ್ದರೂ ಎರಡೂ ನಿಜವಿರಬಹುದು. ನಾನು ಮಗಳನ್ನು ಪ್ರೀತಿಸುತ್ತೇನೆ. ನಾನು ಮಗಳನ್ನು ಹೆದರಿಸಿದ್ದೇನೆ. ಒಂದನ್ನು ಹೇಳಿ ಇನ್ನೊಂದನ್ನು ಅಳಿಸಬಾರದಂತೆ. ಇದಕ್ಕೆ ನನಗೆ ನಗು ಬರಲಿಲ್ಲ.

ಆರೋಗ್ಯ ನೋಡಿಕೋ.

ವಾಲ್ಡೊ


ರೊಸಾರಿಯೊ, ಮೇ 28, 2014

ವಾಲ್ಡೊ, ನಿಜ ಹೇಳು, ಮಾತ್ರೆ ಕೊಡುತ್ತಿದ್ದಾರಾ?

ಕಾಗದವನ್ನು ಎರಡು ಸಲ ಓದಿದೆ. "ಆರೋಗ್ಯ ನೋಡಿಕೋ" ಅಂತೆ! ಯಾವ ಪಾದ್ರಿ ಬರೆದುಕೊಟ್ಟ? ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. ನನ್ನ ತಮ್ಮ ಎಲ್ಲಿ? ಮಗಳು ಎರಡು ಗುಟುಕು ಕುಡಿದು ಎದ್ದುಹೋದದ್ದನ್ನು ಹಬ್ಬದ ಹಾಗೆ ಬರೆದಿದ್ದೀಯ. ಎರಡೂ ನಿಜವಂತೆ! ಗಿರಾಕಿಗೆ ಕೆಂಪು ಬಣ್ಣದ ಬದಲು ಹಸಿರು ಹಚ್ಚಿ, "ಎರಡೂ ನಿಜಾನೇ ಮೇಡಂ" ಅಂದರೆ ದುಡ್ಡು ಕೊಡುತ್ತಾಳಾ? ಡ್ರೈಯರ್ ತೆಗೆದುಕೊಂಡು ತಲೆಗೆ ಹೊಡೆಯುತ್ತಾಳೆ.

ನೀನು ಮೆತ್ತಗಾದೆ ಎಂದು ನಾನೂ ಮೆತ್ತಗಾಗಲಿಕ್ಕೆ ಆಗುತ್ತದೆಯೇ? ಮಂಗಳವಾರ ಅಬ್ರಿಲ್‌ಗೆ ಫೋನ್ ಮಾಡಿದೆ. ನೆಟ್ಟಗೆ ಹೇಳಿದೆ: "ನೋಡೇ, ನಿಮ್ಮಪ್ಪ ನಿನಗೋಸ್ಕರ ಐಸಲ್ಲಿ ಮುಖ ಮುಳುಗಿಸ್ಕೊಂಡು ಕೂತಿದಾನೆ, ಊರ ಹಂದಿಯವರೆಲ್ಲ ನಗ್ತಿದಾರೆ. ಸಾಕು ಮಾಡು ನಾಟಕ. ಮೊದಲನೇ ವಾಲ್ಟ್ಸ್ ಅಪ್ಪಂದು. ಒಂದು ಗೀರಿಗೆ ಇಷ್ಟು ರಂಪ ಯಾರೂ ಮಾಡಲ್ಲ." ಅವಳು ಫೋನ್ ಇಟ್ಟಳು. ಅರ್ಥವಾಗಿರಬೇಕು. ನಮ್ಮ ಮನೆಯಲ್ಲಿ ಬಾಯಿ ಇರುವವಳು ನಾನೊಬ್ಬಳೇ ಉಳಿದಿದ್ದೇನೆ ಎಂದು ಕಾಣುತ್ತದೆ. ಋಣ ತೀರಿಸುವುದು ಬೇಡ.

ಮಿರ್ತಾ


ಬಹಿಯಾ ಬ್ಲಾಂಕಾ, ಜೂನ್ 13, 2014

ಮಿರ್ತಾ,

ಇದನ್ನು ನಾಲ್ಕು ರಾತ್ರಿ ಇಟ್ಟುಕೊಂಡಿದ್ದೆ.

ನಡೆದದ್ದು: ನೀನು ಅಬ್ರಿಲ್‌ಗೆ ಫೋನ್ ಮಾಡಿದೆ. ನಾನೇ ಹೇಳಿ ಮಾಡಿಸಿದ್ದು ಎಂದುಕೊಂಡಿದ್ದಾಳೆ. ಐಸಿನ ವಿಷಯ ನಾನು ನಿನಗೆ ಮಾತ್ರ ಬರೆದಿದ್ದೆ. ಆ ಭಾನುವಾರ ಬರಲಿಲ್ಲ, ಮುಂದಿನದೂ ಬರಲಿಲ್ಲ. "ಅಪ್ಪ ಬದಲಾಗಿಲ್ಲ, ಈಗ ಎಸೆಯೋಕೆ ಅತ್ತೇನ ಇಟ್ಕೊಂಡಿದಾನೆ" ಎಂದಳಂತೆ.

ನನಗಾದದ್ದು: ಅವಮಾನ. ಆಮೇಲೆ ಸಿಟ್ಟು. ಈಗ ಹೆದರಿಕೆ.

ನಾನು ಕೇಳುವುದು: ಅವಳಿಗೆ ಮತ್ತೆ ಫೋನ್ ಮಾಡಬೇಡ. ನನ್ನ ಪರವಾಗಿ ಯಾರ ಹತ್ತಿರವೂ ಮಾತಾಡಬೇಡ.

ಹಾಗೆ ಮಾಡಿದರೆ ನಾನು ನಿನಗೆ ಮತ್ತೆ ಮನಸ್ಸು ಬಿಚ್ಚಿ ಬರೆಯಬಲ್ಲೆ. ನನಗೆ ಅದು ಬೇಕು.

ವಾಲ್ಡೊ


ರೊಸಾರಿಯೊ, ಜೂನ್ 20, 2014

ಥೂ! ಅಚ್ಚಿನಲ್ಲಿ ಹಾಕಿ ತೆಗೆದ ಕೇಕಿನಂಥ ಕಾಗದ. ನಡೆದದ್ದು, ನನಗಾದದ್ದು, ನಾನು ಕೇಳುವುದು... ನಿನ್ನ ಒಡಹುಟ್ಟಿದವಳಿಗೆ ಬರೆಯುತ್ತಿದ್ದೀಯೋ, ಕೆಟ್ಟುಹೋದ ಫ್ರಿಜ್ ಬಗ್ಗೆ ಅಂಗಡಿಗೆ ದೂರು ಕೊಡುತ್ತಿದ್ದೀಯೋ?

ಅಪ್ಪ ಎಸೆದ ಸ್ಟೂಲು ನಿನ್ನ ಕಡೆ ಬಂದಾಗ ಮಧ್ಯೆ ನಿಂತವಳು ಯಾರು? ಆಗ "ನನಗಾದದ್ದು ಅವಮಾನ" ಎಂದು ಚೀಟಿ ಬರೆದುಕೊಟ್ಟಿದ್ದೆನಾ? ನಿನ್ನ ಪರವಾಗಿ ಮಾತಾಡಬೇಡವಂತೆ. ನೀನು ಹುಟ್ಟಿದಾಗಿನಿಂದ ನಾನು ಬೇರೆ ಏನು ಮಾಡಿದ್ದೇನೆ?

ಒಂದು ಸಲ ಕೂಗಿ ಬೈದಿದ್ದರೆ ಬಾಯಿ ಮುಚ್ಚುತ್ತಿದ್ದೆ. ಈ ಆಸ್ಪತ್ರೆ ವಾಸನೆಯ ಭಾಷೆ ನನಗೆ ಬೇಡ. ವಾಲ್ಡೊ ಮತ್ತೆ ವಾಲ್ಡೊ ಆದ ದಿನ ಬರೆ. ಆ ಚಪ್ಪಲಿ ಅಟ್ಟೆ ಇನ್ನೂ ನನ್ನ ಹಲ್ಲಿನ ಸಂದಿಯಲ್ಲಿದೆ.

ಮಿರ್ತಾ


ಬಹಿಯಾ ಬ್ಲಾಂಕಾ, ಅಕ್ಟೋಬರ್ 18, 2014

ಮಿರ್ತಾ,

ಇಷ್ಟು ದಿನ ಬರೆಯಲಿಲ್ಲ. ಹಟವಲ್ಲ. ಬರೆದಾಗಲೆಲ್ಲ ಬೆಳಗ್ಗೆ ಹರಿಯಬೇಕಾಗುತ್ತಿತ್ತು.

ಕ್ಲಾಸು ಮುಗಿಯಿತು. ಟ್ಯಾಕ್ಸಿಯವನು ಕೊನೆಯ ದಿನ ಎಲ್ಲರಿಗೂ ಒಂದೊಂದು ಪೊಟ್ಟಣ ಒಣದ್ರಾಕ್ಷಿ ಹಂಚಿದ. ಆಗಸ್ಟಿನಿಂದ ಅಬ್ರಿಲ್ ಮತ್ತೆ ಭಾನುವಾರ ಬರುತ್ತಿದ್ದಾಳೆ. ಪಾರ್ಟಿಗೆ ನನ್ನನ್ನು ಕರೆದಿದ್ದಾಳೆ. ವಾಲ್ಟ್ಸ್ ಬಗ್ಗೆ ಅವಳು ಹೇಳಿಲ್ಲ, ನಾನು ಕೇಳಿಲ್ಲ.

ಕಷ್ಟದ ಮಾತು ಕೊನೆಗೆ ಉಳಿಸಿಕೊಂಡೆ. ನಿನ್ನನ್ನು ಕರೆದಿಲ್ಲ. "ಅತ್ತೆ ಬಂದ್ರೆ ನನಗೆ ಹೊಟ್ಟೆನೋವು ಬರುತ್ತೆ ಅಪ್ಪಾ" ಅಂದಳು. ನಾನು ವಾದಿಸಲಿಲ್ಲ. ದಿನ ಅವಳದು. ನಿನಗೆ ಇದು ಹೇಗಾಗುತ್ತದೆ ಎಂದು ನನಗೆ ಗೊತ್ತು, ನೀನು ಆ ವಾರ ಖಾಲಿ ಇಟ್ಟದ್ದೂ ಗೊತ್ತು.

ವಾಲ್ಡೊ


ರೊಸಾರಿಯೊ, ಅಕ್ಟೋಬರ್ 27, 2014

ವಾಲ್ಡೊ,

ಒಳ್ಳೆಯದೇ ಆಯಿತು. ಆ ವಾರ ನನಗೆ ಮೊದಲೇ ಸೊಂಟನೋವು ಬರುವುದಿತ್ತು. ಹದಿನೈದಾದ ಪೋರಿಯರು ಬಿಳಿ ಲಂಗ ತೊಟ್ಟು ಮೆರೆಯುವುದನ್ನು ವರ್ಷವಿಡೀ ನೋಡಿ ಕಣ್ಣು ಸೋತಿದೆ.

ತಲೆ ಕಟ್ಟುವವರು ಯಾರು? ಕ್ಲೌಡಿಯಾಳ ಬೀದಿಯ ಆ ಮುದುಕಿಯಾ? ಕುದುರೆಗೆ ಜಡೆ ಹಾಕುವವಳ ಕೈ ಅದು. ನಿಮ್ಮ ದರಿದ್ರ ಊರಿನ ಗಾಳಿಗೆ ಕಾರಿನಿಂದ ಇಳಿಯುವಷ್ಟರಲ್ಲಿ ಎಲ್ಲ ಬಿಚ್ಚಿಹೋಗುತ್ತದೆ. ಅಬ್ರಿಲ್ ಕೂದಲು ರೇಷ್ಮೆ, ಪಿನ್ನು ಜಾರುತ್ತದೆ. ಪಿನ್ನುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಸಿಕ್ಕಿಸಬೇಕು, ಅದಕ್ಕೂ ಮೊದಲು ಪಿನ್ನಿಗೇ ಸ್ಪ್ರೇ ಹೊಡೆಯಬೇಕು. ಹಿಂದಿನ ದಿನ ತಲೆಗೆ ನೀರು ಹಾಕಿಕೊಳ್ಳಬಾರದು. ನಾನು ಹೇಳಿದೆ ಎಂದು ಹೇಳುವ ಅಗತ್ಯವಿಲ್ಲ.

ಮಿ.


ಬಹಿಯಾ ಬ್ಲಾಂಕಾ, ನವೆಂಬರ್ 25, 2014

ಮಿರ್ತಾ,

ಶನಿವಾರ ಪಾರ್ಟಿ ಆಯಿತು. ನಿನಗೆ ಬಿಟ್ಟರೆ ಯಾರಿಗೂ ಬರೆಯಲಾರೆ.

ಊಟ ಮುಗಿದ ಮೇಲೆ ದೀಪ ಕಡಿಮೆ ಮಾಡಿದರು. ಅಬ್ರಿಲ್ ನಡುವೆ ನಿಂತಳು. ಡಿಜೆ ಮೈಕಿನಲ್ಲಿ ಹೆಸರು ಓದಿದ: ಮೊದಲು ಅಜ್ಜ. ಆಮೇಲೆ ಸೋದರಮಾವಂದಿರು, ಕಸಿನ್‌ಗಳು, ಅವಳ ಕ್ಲಾಸಿನ ಹುಡುಗರು, ಎಲ್ಲರೂ ಸಾಲಾಗಿ, ಒಬ್ಬೊಬ್ಬರು ಅವಳ ಜತೆ ಒಂದೊಂದು ಸುತ್ತು ಕುಣಿಯಲು. ನನ್ನ ಹೆಸರು ಕಟ್ಟಕಡೆಗೆ. ಕ್ಲೌಡಿಯಾಳ ಅಣ್ಣ ಬಂದು, "ಬೇಜಾರಾಯ್ತೇನೋ?" ಎಂದು ಭುಜ ತಟ್ಟಿದ. ಎಂಥ ನಗು ಅವನದು! ಹೌದು ಅಂದೆ. ಬೇಜಾರಾಗಿತ್ತು. ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

ಸಾಲು ಕರಗುತ್ತಾ ಬಂತು. ನನ್ನ ಮುಂದೆ ಮೂಗಿನ ಮೇಲೆ ಮೊಡವೆಯ ಒಬ್ಬ ಹುಡುಗ ಉಳಿದಿದ್ದ. ಅವನು ಕುಣಿಯುತ್ತಿರುವಾಗಲೇ ಹಾಡು ಮುಗಿಯಿತು. ದೀಪ ಹತ್ತಿತು. ಡಿಜೆ ಕುಂಬಿಯಾ ಕುಣಿತದ ಹಾಡು ಹಾಕಿದ, ಜನ ಕುಣಿಯಲು ನುಗ್ಗಿದರು. ನನ್ನ ಸರದಿ ಬರಲೇ ಇಲ್ಲ.

ನನ್ನ ಕೈಯಲ್ಲಿ ಸೇಬಿನ ಸೈಡರ್ ತುಂಬಿದ ಗ್ಲಾಸಿತ್ತು. ಅಬ್ರಿಲ್ ಅಲ್ಲಿಂದಲೇ ನನ್ನನ್ನು ನೋಡಿದಳು. ನನ್ನ ಮುಖವನ್ನಲ್ಲ, ಕೈಯನ್ನು. ಕ್ಲೌಡಿಯಾ, ಅವಳ ಅಣ್ಣ, ಅಜ್ಜ, ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಎಸೆಯಬೇಕು ಅನ್ನಿಸಿತು ಮಿರ್ತಾ, ಸುಳ್ಳು ಹೇಳುವುದಿಲ್ಲ. ಗ್ಲಾಸಿನಿಂದ ಒಂದು ಐಸ್ ತುಂಡು ತೆಗೆದು ಮುಷ್ಟಿಯಲ್ಲಿ ಹಿಡಿದೆ. ಅದು ಕರಗಿ ಅಂಗಿಯ ತೋಳಿನೊಳಗೆ ಇಳಿಯಿತು. ಗ್ಲಾಸನ್ನು ವೇಯ್ಟರ್ ತಟ್ಟೆಯ ಮೇಲಿಟ್ಟು, ಮಗಳಿಗೆ ಚಪ್ಪಾಳೆ ತಟ್ಟಿದೆ. ಒಂದು ಕೈ ಒದ್ದೆ, ಸದ್ದೂ ಸರಿಯಾಗಿ ಬರಲಿಲ್ಲ.

ಅವಳು ಡಿಜೆ ಹತ್ತಿರ ಹೋದಳು. "ವಾಲ್ಟ್ಸ್ ಇನ್ನೊಂದ್ಸಲ ಹಾಕಿ. ಮೊದಲಿಂದ. ನಮ್ಮಪ್ಪ ಬಾಕಿ ಇದಾರೆ" ಅಂದಳು.

ಪೂರ್ತಿ ಹಾಡು ಕುಣಿದೆವು, ನಾವಿಬ್ಬರೇ. ನಡುವೆ ಒಮ್ಮೆ ಚಪ್ಪಲಿ ಬಿಚ್ಚಿ ನನ್ನ ಬೂಟಿನ ಮೇಲೆ ಪಾದ ಇಟ್ಟಳು. ಭಾರವಾಗಿದ್ದಾಳೆ.

ಪಿನ್ನುಗಳು ಒಂದೂ ಜಾರಲಿಲ್ಲ. ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದಳು. ನಿನ್ನ ಹೆಸರು ಹೇಳಿಬಿಟ್ಟೆ, ಕ್ಷಮಿಸು. ಕೈ ಹಿಂದಕ್ಕೆ ಒಯ್ದು ಜಡೆ ಮುಟ್ಟಿ ನೋಡಿಕೊಂಡಳು.

ವಾಲ್ಡೊ


ರೊಸಾರಿಯೊ, ಡಿಸೆಂಬರ್ 8, 2014

ವಾಲ್ಡೊ,

ಎಂಥ ಕ್ರೂರಿ ಹೆಣ್ಣು! ನಾಯಿಯ ಮೂಗಿನ ಮೇಲೆ ಬಿಸ್ಕತ್ತಿಟ್ಟು ತಿನ್ನುತ್ತದೋ ಇಲ್ಲವೋ ಎಂದು ನೋಡುವ ಹಾಗೆ ಹೆತ್ತ ಅಪ್ಪನನ್ನು ಊರ ಮುಂದೆ ನಿಲ್ಲಿಸಿದಳಲ್ಲ. ನೀನೋ, ಐಸ್ ಹಿಡಿದುಕೊಂಡು ನಿಂತೆ. ನಾನಾಗಿದ್ದರೆ ಗ್ಲಾಸು, ತಟ್ಟೆ, ವೇಯ್ಟರ್ ಮೂವರನ್ನೂ ಎಸೆಯುತ್ತಿದ್ದೆ. ಕ್ಲೌಡಿಯಾಳ ಅಣ್ಣನನ್ನು ಮೊದಲು. ಭುಜ ತಟ್ಟುತ್ತಾನಂತೆ, ಹೊಲಸು ಮುಖದವನು. ನಿನ್ನ ರೊಮಿನಾಗೆ ಹೇಳು, ಗಂಡಸನ್ನು ಕುರಿ ಮಾಡುವ ವಿದ್ಯೆ ಚೆನ್ನಾಗಿ ಕಲಿಸಿದ್ದಾಳೆ ಎಂದು.

ಕಾಗದವನ್ನು ಡಾಕ್ಟರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತೆರಡು ವರ್ಷ ನನ್ನ ಕಥೆ ಕೇಳಿದ ಮನುಷ್ಯ, ಒಂದು ದಿನ ನನಗಾಗಿ ಕನ್ನಡಕ ಒರೆಸಲಿಲ್ಲ! ಹೊರಗೆ ಬರುವಾಗ ಅವರ ಬಾಗಿಲನ್ನು ದಢಾರನೆ ಹಾಕಿದೆ. ಗಾಜು ಬಿರುಕು ಬಿಟ್ಟಿದೆಯಂತೆ. ಬಿಡಲಿ.

ಅಡ್ಡಡ್ಡ ಸಿಕ್ಕಿಸಿದರೆ ಪಿನ್ನು ಜಾರುವುದಿಲ್ಲ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ.

ಮಿರ್ತಾ

ಡಿಸೆಂಬರ್ 9, ಬೆಳಗ್ಗೆ

ನಿನ್ನೆ ಅಂಚೆ ಕಚೇರಿಗೆ ರಜೆ, ಮೇರಿ ಮಾತೆಯ ಹಬ್ಬ. ಅದಕ್ಕೇ ಕಾಗದ ರಾತ್ರಿಯಿಡೀ ಇಲ್ಲೇ ಉಳಿಯಿತು, ಬೇರೆ ಏನೂ ಅಂದುಕೊಳ್ಳಬೇಡ. ಓದಿದೆ. ಹರಿಯುವಂಥದ್ದೇನೂ ಇಲ್ಲ, ಎಲ್ಲ ನಿಜ. ಆದರೂ ಒಂದಷ್ಟು ಬಾಕಿ ಇದೆ.

ಆ ಮಾಂಸ ಒಣಗಿತ್ತು. ಸಾಯುವವರೆಗೂ ಹೇಳುತ್ತೇನೆ. ನೀನು ಬೆಳಗ್ಗಿನಿಂದ ಬೆಂಕಿ ಮುಂದೆ ನಿಂತಿದ್ದೆ, ಅದೂ ನಿಜ. ನಿನ್ನ ಆ ಪೋರಿಗೆ ಇದನ್ನು ತೋರಿಸಬೇಡ, ಹಲ್ಲು ಕಿರಿಯುತ್ತಾಳೆ.

ನಾನು ಕೇಳುವುದು (ಥೂ): ಹೊಸ ವರ್ಷಕ್ಕೆ ಬರಲೇ? ಪಿನ್ನಿನ ಪೆಟ್ಟಿಗೆ ತರುತ್ತೇನೆ. ಅಬ್ರಿಲ್ ಬೇಡ ಅಂದರೆ ಮುಚ್ಚಳ ತೆರೆಯುವುದಿಲ್ಲ. ಬರಲೇಬೇಡಿ ಅಂದರೆ ಹಾಗೇ ಬರೆ, ಇಲ್ಲೇ ಇರುತ್ತೇನೆ, ಫೋನ್ ಮಾಡುವುದಿಲ್ಲ.

ಬಾ ಅಂದರೆ ನೀನೇ ಬೆಂಕಿ ಹಾಕು. ಚಪ್ಪಾಳೆ ಮುಗಿಯುವವರೆಗೆ ನಾನು ಬಾಯಿಗೆ ಏನೂ ಹಾಕಿಕೊಳ್ಳುವುದಿಲ್ಲ.